ಅತ್ತೆಯ ಸರ್ವರ್‌ಗೆ ಬಿಟ್ಟು ಬಿಟ್ಟು ಬರುವ ಜ್ವರ

ನಮ್ಮ ಸೋದರತ್ತೆ ತಮ್ಮ ಹಾರ್ಡ್ ಡಿಸ್ಕಿಗೆ ಮಾಡದೇ ಬಿಟ್ಟ ಉಪಚಾರ ಒಂದೇ, ಕಷಾಯ ಕುಡಿಸಿಲ್ಲ! ಕುಡಿಸೋಣವೆಂದು ಅದರ ಬಾಯಿ ಹುಡುಕಿರಲಿಕ್ಕೂ ಸಾಕು.

ಹೆತ್ತೂರಿನ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದ ಮೇಲೆ ಅತ್ತೆಗೆ ಎರಡು ಹುಚ್ಚು ಹಿಡಿಯಿತು. ಒಂದು, ಸುತ್ತಲಿನ ಕಾಫಿ ಎಸ್ಟೇಟುಗಳ ಕೂಲಿಲೈನುಗಳ ಅಜ್ಜಿಯರ ಹಾಡುಗಳನ್ನು ರೆಕಾರ್ಡ್ ಮಾಡುವುದು. ಇನ್ನೊಂದು, ಲಿನಕ್ಸ್ ಎಂಬ ಪುಕ್ಕಟೆ ಕಂಪ್ಯೂಟರ್ ತಂತ್ರಾಂಶ! ಯಾರೋ ಬಿಸಾಡಿದ ಕಂಪ್ಯೂಟರನ್ನು ಮನೆಯ ಅಟ್ಟಕ್ಕೆ ಹೊರಿಸಿ, ಅದಕ್ಕೆ ಲಿನಕ್ಸ್ ಹಾಕಿ, "ಇವತ್ತಿಂದ ಇದು ಸರ್ವರ್" ಎಂದು ಘೋಷಿಸಿದರು. ಹಾಡುಗಳೆಲ್ಲ ಅದರೊಳಗೆ. ಊರಿನವರು ಮೊಬೈಲಿನಲ್ಲೇ ಕೇಳಬಹುದು. ಹಾಡಿದ ಅಜ್ಜಿಯರಲ್ಲಿ ಅರ್ಧಕ್ಕರ್ಧ ಜನ ಈಗಿಲ್ಲ.

ನಾನು ಆಲೂರಿನಲ್ಲಿ ಗುಮಾಸ್ತ. ರಜೆ ಸಿಕ್ಕರೆ ಬಸ್ಸು ಹತ್ತಿ ಹೋಗಿ ಅತ್ತೆಯ ಅಟ್ಟದಲ್ಲಿ ಚಾಪೆ ಹಾಸಿಕೊಂಡು ಬಿದ್ದುಕೊಳ್ಳುತ್ತೇನೆ. ಕಿಟಕಿಯಿಂದ ಮಂಜು ಮೆಲ್ಲಗೆ ಒಳಗೆ ಬರುತ್ತದೆ. ಅದರ ಮೇಲೆ ನಾಟಿ ಹಾಡೊಂದು ತೇಲುತ್ತದೆ. ನಿದ್ದೆಯೋ ಎಚ್ಚರವೋ ಗೊತ್ತಾಗುವುದಿಲ್ಲ, ಗೊತ್ತಾಗಿ ಆಗಬೇಕಾದ್ದಾದರೂ ಏನು?

ಕಳೆದ ಮಳೆಗಾಲದಲ್ಲಿ ಒಮ್ಮೆ ಹಾಡು ನಡುವೆಯೇ ನಿಂತುಹೋಯಿತು. ಡಿಸ್ಕ್ ಓದಲಾಗುತ್ತಿಲ್ಲವೆಂದು ಪರದೆಯ ಮೇಲೆ ಎರರ್. ಮರುದಿನ ನಾನು ಆಲೂರಿಗೆ ಬಂದ ಮೇಲೆ ಅತ್ತೆಯ ಫೋನು, ಏನೂ ಆಗದ ಹಾಗೆ ಹಾಡುತ್ತಿದೆಯಂತೆ! ಕೆಲವು ವಾರ ಬಿಟ್ಟು ಮತ್ತೆ ಎರರ್. ಡಿಸ್ಕಿನ ಆರೋಗ್ಯ ಪರೀಕ್ಷೆ ನಡೆಸಿದರೆ ಫಲಿತಾಂಶ ಪಾಸ್.

"ಪಾಸಾದ ಹುಡುಗ ಪಾಠ ಒಪ್ಪಿಸೋಕೆ ಯಾಕೋ ತೊದಲ್ತಾನೆ?" ಎಂದರು ಅತ್ತೆ.

ಮೊದಲ ಅನುಮಾನ ಥಂಡಿಯ ಮೇಲೆ. ಸರ್ವರ್ ಪಕ್ಕ ದೊಡ್ಡ ಬಲ್ಬು ಉರಿಸಿ ಬೆಚ್ಚಗಿಟ್ಟರು. ಡಿಸ್ಕ್ ಗುಣವಾಗಲಿಲ್ಲ, ಬೆಕ್ಕು ಅಲ್ಲಿ ನಾಲ್ಕು ಮರಿ ಹಾಕಿತು!

ಆಮೇಲೆ ಪಕ್ಕದ ಎಸ್ಟೇಟಿನ ಪಲ್ಪರ್ ಮೇಲೆ ಕಣ್ಣು ಬಿತ್ತು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಆ ಯಂತ್ರ ಕರೆಂಟು ಏರುಪೇರು ಮಾಡುತ್ತದಂತೆ. ಒಂದು ಗಂಟೆ ನಿಲ್ಲಿಸಿ ಎಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನು ಕೇಳಿದರು.

"ಟೀಚರಮ್ಮ, ನಿಮ್ ಪೆಟ್ಟಿಗೆಗೆ ಹುಷಾರಿಲ್ಲ ಅಂತ ನಮ್ ಹಣ್ಣು ಕೊಳೀಬೇಕಾ?" ಎಂದ ಆತ. ಆದರೂ ಹಳೇ ಶಿಷ್ಯ, ನಿಲ್ಲಿಸಿದ. ನಾನು ಅಟ್ಟದಲ್ಲಿ ಇರಲೇಬೇಕೆಂದು ಅತ್ತೆಯ ಅಪ್ಪಣೆ. ಅತ್ತಿಂದಿತ್ತ ಅಡ್ಡಾಡುತ್ತಾ ಕಾವಲು ಕಾದೆ. ಎರರ್ ಬಂದೇ ಬಂತು!

ಕಡೆಗೆ ಕಾಫಿ ಹೂ ಬಿಟ್ಟ ವಾರ. ಪರಿಮಳಕ್ಕೆ ಅಟ್ಟಕ್ಕೇ ಅಮಲೇರಿದಂತಿತ್ತು. ಸರ್ವರಿನೊಳಗೆ ಅಜ್ಜಿಯೊಬ್ಬಳು ಬೀಸುವ ಹಾಡು ಹೇಳುತ್ತಿದ್ದಳು. ಕೆಳಗಿನಿಂದ ಅಕ್ಕಿರೊಟ್ಟಿಯ ವಾಸನೆ ಬಂತು. ಎದ್ದು ಒಂದು ಹೆಜ್ಜೆ ಇಟ್ಟೆ. ಹಾಡು ನಿಂತಿತು.

"ನಿಂತ್ಕೋ ಮಾರಾಯ! ಅಲ್ಲಾಡಬೇಡ!" ಊಟಕ್ಕೆ ಕರೆಯಲು ಮೆಟ್ಟಿಲು ಹತ್ತಿ ಬಂದಿದ್ದ ಅತ್ತೆ ಕೂಗಿದರು.

ನಿಂತೆ, ಒಂಟಿಕಾಲಿನಲ್ಲಿ, ಕೊಕ್ಕರೆಯ ಹಾಗೆ. ಅತ್ತೆ ಕಂಪ್ಯೂಟರಿನ ಮುಚ್ಚಳ ಬಿಚ್ಚಿ ಬಗ್ಗಿದರು. "ಈಗ ಕಾಲಿಡು... ಎತ್ತು... ಇಡು." ಕಡ್ಡಿಯಂಥ ಅತ್ತೆಗೆ ಅಲುಗದ ಹಲಗೆ ನನ್ನ ಭಾರಕ್ಕೆ ಕುಗ್ಗಿದಾಗೆಲ್ಲ, ಡಿಸ್ಕಿಗೆ ಸಿಕ್ಕಿಸಿದ್ದ ಕೇಬಲ್ ಕೂದಲೆಳೆಯಷ್ಟು ಜಾರುತ್ತಿತ್ತು! ಡಿಸ್ಕಿಗೆ ರೋಗವೇ ಇರಲಿಲ್ಲ. ರೋಗ ನಾನು!

ಹೊಸ ಕೇಬಲ್ ಹಾಕಿ ಬಿಗಿಯಾಗಿ ಕೂರಿಸಿದರು. ಪರೀಕ್ಷೆಗೆಂದು ನನ್ನನ್ನು ಹನ್ನೆರಡು ಸಲ ಕುಣಿಸಿದರು. ಅಜ್ಜಿಯ ದನಿ ಒಮ್ಮೆಯೂ ತಡವರಿಸಲಿಲ್ಲ.

ಬೆವರು ಒರೆಸಿಕೊಳ್ಳುತ್ತಾ ಕೂತಾಗ, ಎರರ್ ಬಂದ ದಿನಗಳನ್ನು ಅತ್ತೆ ಬರೆದಿಟ್ಟ ನೋಟ್‌ಬುಕ್ಕು ಕೈಗೆ ಸಿಕ್ಕಿತು. ಒಂದೊಂದು ತಾರೀಖಿನ ಪಕ್ಕದಲ್ಲೂ ಪೆನ್ಸಿಲ್ಲಿನಲ್ಲಿ ಸಣ್ಣಗೆ, 'ಅವನು ಬಂದಿದ್ದ.' ಮೊದಲ ಪುಟದಿಂದಲೂ ಅದೇ.

"ಅತ್ತೆ, ನಾನು ಬಂದಾಗ್ಲೇ ಹಿಂಗಾಗ್ತದೆ ಅಂತ ಮಳೆಗಾಲದಿಂದ ಗೊತ್ತಿತ್ತಾ? ಹೇಳಬಾರದಿತ್ತಾ?"

ಅತ್ತೆ ಸ್ಕ್ರೂ ತಿರುಗಿಸುತ್ತಲೇ ಇದ್ದರು, ತಲೆ ಎತ್ತಲಿಲ್ಲ.

"ಹೇಳಿದ್ರೆ ನೀನು ಬರೋದೇ ಬಿಟ್ಬುಡ್ತಿದ್ದೆ ಕಣೋ. ಹಾಡಿಗೇನು, ಇನ್ನೊಂದು ಡಿಸ್ಕ್‌ನಾಗೆ ನಕಲು ಐತೆ. ಅದ್ಕೇ, ನೀನಲ್ದೆ ಬೇರೆ ಏನಾದ್ರೂ ಕಾರಣ ಇರ್ಲಿ ದೇವ್ರೇ ಅಂತ ಹುಡುಕ್ತಾ ಇದ್ದೆ."