ಲಸಿಕೆ ಮೆಸೇಜೂ ಲಿನಕ್ಸ್ ಫೈಲೂ

ಒಂದು ಫೈಲು ತಿದ್ದಿ ನೆಟ್ಟಗೆ ಮನೆಗೆ ಹೋಗಾಣ ಅಂದ್ರೆ ನನ್ನ ನಸೀಬಲ್ಲೇ ಇಲ್ಲ ಕಣ್ರಿ, ಏನಾದ್ರೂ ಒಂದು ಗಂಟು ಬೀಳ್ತೈತೆ. ಮೊನ್ನೆ ಹಿರಿಯೂರು ಕಡೆಯ ಒಂದು ಕುರಿ ಸಾಕುವವರ ಸಂಘದಲ್ಲಿ ಆದದ್ದನ್ನೇ ಕೇಳಿ. ಸೋಮವಾರದಿಂದ ಲಸಿಕೆ. ವ್ಯಾನು ಯಾವತ್ತು ಯಾವ ಊರಿಗೆ ಅಂತ ಕುರಿಗಾಹಿಗಳ ಮೊಬೈಲಿಗೆ ಮೆಸೇಜು ಹೋಗಬೇಕು. ತಪ್ಪಿದರೆ ಮಂದೆಗಳು ಮುಂದಿನೂರಿಗೆ ಹೋಗಿರ್ತವೆ. ಮೆಸೇಜು ಕಳಿಸೋ ಲಿನಕ್ಸ್ ಕಂಟೇನರು, ಅಂದ್ರೆ ಸರ್ವರಿನೊಳಗಿನ ಒಂದು ಪುಟ್ಟ ಕೋಣೆ ಅನ್ನಿ, ಕೆಟ್ಟು ಕೂತಿತ್ತು. ರಿಪೇರಿ ನನ್ನ ತಲೆಗೆ.

"ಶನಿವಾರ ಸಂಜೆಯೊಳಗೆ ಆಗ್ಲಿಲ್ಲ ಅಂದ್ರೆ, ಆಟೋಕ್ಕೆ ಮೈಕ್ ಕಟ್ಟಿ ನಿಮ್ಮನ್ನೇ ಊರೂರಿಗೆ ಕಳಿಸ್ತೀನಿ ನೋಡ್ರಿ" ಅಂದರು ಸಂಘದ ಕಾರ್ಯದರ್ಶಿಗಳು.

೧. ಶ್ರೀಕಾರ

ನಾನಿನ್ನೂ ಹೊಳಲ್ಕೆರೆಯಿಂದ ಬಸ್ಸಿನಲ್ಲಿದ್ದೆ. ಸಂಘದ ಗುಮಾಸ್ತೆ ಮೇಡಂಗೆ ಫೋನಿನಲ್ಲೇ ಹೇಳಿ ನೆಟ್‌ವರ್ಕಿನ ಹೊಸ ಫೈಲು ಬರೆಸಿದೆ. ಅಕ್ಷರ ಅಕ್ಷರ ಓದಿ ಹೇಳಿದರು, ಎಲ್ಲ ಸರಿ. ಆದರೂ ಕಂಟೇನರು ಏಳಲಿಲ್ಲ. ಹೋಗಿ ನೋಡ್ತೀನಿ, ಫೈಲಿನ ನೆತ್ತಿಯ ಮೇಲೆ "ಶ್ರೀ"!

"ಇದನ್ಯಾಕೆ ಓದಿ ಹೇಳ್ಲಿಲ್ಲ ಮೇಡಂ?"

"ಅದನ್ನ ಯಾರಾದ್ರೂ ಓದ್ತಾರೇನ್ರಿ? ಹೊಸ ಫೈಲು ಅಂದ್ರಿ, ಶ್ರೀಕಾರ ಹಾಕ್ದೆ ಹೆಂಗೆ ಶುರು ಮಾಡಾದು?"

ಅಳಿಸೋಕೆ ನನಗೂ ಧೈರ್ಯ ಬರಲಿಲ್ಲ. ಆ ಶ್ರೀಗೂ ಮೊದಲು ಒಂದು ಹ್ಯಾಶ್ (#) ಗುರುತು ಹಾಕಿದೆ. ಆ ಗುರುತಿರೋ ಸಾಲನ್ನು ಯಂತ್ರ ಓದೋದಿಲ್ಲ, ದೇವರು ಓದ್ಕಂತಾನೆ.

೨. ಹೆಸರು

ಕಂಟೇನರು ಎದ್ದಿತು. ಕುರಿಗಾಹಿಗಳ ಫೋನ್ ನಂಬರೆಲ್ಲ ಪಕ್ಕದ ಇನ್ನೊಂದು ಕಂಟೇನರಿನಲ್ಲಿ. ಅಂಕಿಯ ವಿಳಾಸ ಹೇಳಿ ಕರೆದರೆ ಅದು ಓ ಅನ್ನುತ್ತೆ, ಹೆಸರು ಹಿಡಿದು ಕರೆದರೆ ಉಸಿರೇ ಇಲ್ಲ. ಯಾವ ಹೆಸರಿಗೆ ಯಾವ ಅಂಕಿ ಅಂತ ಬರೆದಿಡೋ ಫೈಲಿನಲ್ಲಿ ಅದರ ಹೆಸರೇ ಇಲ್ಲ ಅಂತ ಕಾರ್ಯದರ್ಶಿಗಳಿಗೆ ವಿವರಿಸಿದೆ.

"ಅಷ್ಟೇನಾ? ನಮ್ಮನೆಯಾಕೆ ಮೂವತ್ತು ವರ್ಷದಾಗೆ ಒಂದಿನ ನನ್ನ ಹೆಸರು ಹಿಡಿದಿಲ್ಲ. ಸಂಸಾರ ನಡೀತಾ ಇಲ್ವೇನ್ರಿ? ಆ ಫೈಲಿನಾಗೂ 'ಏನ್ರೀ' ಅಂತ ಬರೀರಿ, ಓ ಅಂತೈತೆ!"

೩. ಗುರುತು

ಕಂಟೇನರಿನ ಒಳಗೇ ಹೋಗಿ ಹೆಸರಿನ ಫೈಲು ತಿದ್ದಿದೆ. ಸರಿಹೋಯ್ತು. ಕರೆಂಟು ಹೋಗಿ ಬಂತು. ನೋಡ್ತೀನಿ, ನಾನು ಬರೆದದ್ದು ಮಾಯ! ಮತ್ತೆ ಬರೆದೆ, ಮತ್ತೆ ಕರೆಂಟು ಹೋಯ್ತು. ಮೂರನೇ ಸಲಕ್ಕೆ ಅಳೋದೊಂದು ಬಾಕಿ. ಶನಿವಾರ ಮಧ್ಯಾಹ್ನ ದಾಟಿತ್ತು.

ಲಸಿಕೆ ಯಾವತ್ತು ಅಂತ ಕೇಳೋಕೆ ಮಾರಿಕಣಿವೆ ಕಡೆಯಿಂದ ಬಂದಿದ್ದ ಕುರಿಗಾಹಿ ಅಜ್ಜ ಬೆಂಚಿನ ಮೇಲೆ ಕೂತು ನೋಡ್ತಿದ್ದ.

"ಏನಪ್ಪ, ಬರ್ದಿದ್ದೇ ಬರೀತೀಯಲ್ಲ?"

"ನಿಲ್ತಾ ಇಲ್ಲ ಅಜ್ಜ. ಕರೆಂಟು ಹೋಗಿ ಬಂದ್ರೆ ಇದು ಹೊಸದಾಗಿ ಹುಟ್ತೈತೆ, ಬರೆದದ್ದೆಲ್ಲ ಹೋಗ್ತೈತೆ."

"ಲೇ ತಮ್ಮ, ಉಣ್ಣೆ ಮೇಲೆ ಬಣ್ಣ ಬಳಿದ್ರೆ, ಉಣ್ಣೆ ಕತ್ತರಿಸಿದ ದಿನ ಗುರುತೂ ಹೋತು. ಉಳೀಬೇಕಂದ್ರೆ ಕಿವಿಗೆ ಕಚ್ಚು ಹಾಕ್ಬೇಕು. ನಿನ್ನ ಡಬ್ಬಿಗೆ ಕಿವಿ ಇಲ್ವಾ?"

ಇತ್ತು! ಕಂಟೇನರು ಪ್ರತಿ ಸಲ ಹುಟ್ಟೋದೇ ಹೊರಗಿರೋ ಒಂದು ಮೂಲ ಫೈಲಿನಿಂದ. ಅದರಲ್ಲಿ ಎರಡು ಸಾಲು ಬರೆದು, ನಾನೇ ಮೇನ್ ಸ್ವಿಚ್ ಆರಿಸಿ ಹಾಕಿದೆ. ಬರೆದದ್ದು ಹಾಗೇ ಇತ್ತು. ಮೊದಲ ಮೆಸೇಜು ಅಜ್ಜನ ಜೇಬಿನಲ್ಲೇ ಟಿಣ್ ಅಂತು. ಖುಷಿ ತಡೀಲಾರದೆ ಅಜ್ಜನ್ನ ತಬ್ಬಿಕೊಂಡೆ.

"ಅಜ್ಜ, ಈ ಕೆಲಸಕ್ಕೆ ನೀನೇ ಬಂದ್ಬಿಡು" ಅಂದರು ಕಾರ್ಯದರ್ಶಿಗಳು.

ಅಜ್ಜ ಕಂಬಳಿ ಹೆಗಲಿಗೆ ಹಾಕ್ಕೊಂಡು ನನ್ನನ್ನೊಮ್ಮೆ ನೋಡಿ ಅಂದ:

"ಬ್ಯಾಡಪ್ಪ. ನನ್ನ ಕುರಿಗಳು ಒಂದ್ಸಲ ಹೇಳಿದ್ರೆ ತಿಳ್ಕಂತವೆ."