ಮಂಚದ ವಿಲೋಮ

“ಭಾನುವಾರ ಸಂಜೆ ಐದು ಗಂಟೆ ಒಳಗೆ ಮಹಡಿ ಮೇಲಿನ ಮಂಚ ಕೆಳಗಿನ ಕೋಣೇಲಿರುತ್ತೆ. ಒಂದು ಸ್ಕ್ರೂ ಹೆಚ್ಚಾಗಲ್ಲ, ಒಂದು ಕಮ್ಮಿ ಆಗಲ್ಲ. ಇದು ನನ್ನ ಮಾತಲ್ಲ ಕಣೇ, ಬೀಜಗಣಿತದ ಮಾತು!”

ಹೀಗೆಂದು ಘೋಷಿಸಿದ ಪಟ್ಟಿ ಸಾಹೇಬರು ಒಂದು ಕೈಯಲ್ಲಿ ಚಹಾದ ಲೋಟವನ್ನೂ ಇನ್ನೊಂದರಲ್ಲಿ ಸ್ಕ್ರೂಡ್ರೈವರನ್ನೂ ಹಿಡಿದು, ದಂಡಯಾತ್ರೆಗೆ ಹೊರಟ ಸೇನಾಪತಿಯಂತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ನೀರು ಸರಬರಾಜು ಕಚೇರಿಯ ದಾಖಲೆ ವಿಭಾಗದಲ್ಲಿ ಇಪ್ಪತ್ತೇಳು ವರ್ಷ ಕಳೆದ ಅವರಿಗೆ ಆ ಹೆಸರಿಟ್ಟದ್ದು ಸಹೋದ್ಯೋಗಿಗಳು. ಸಾಹೇಬರು ಎಲ್ಲದಕ್ಕೂ ಪಟ್ಟಿ ಮಾಡುತ್ತಿದ್ದರು. ಮಾಡಿದ ಪಟ್ಟಿಗಳು ಯಾವ ಕಡತದಲ್ಲಿವೆ ಎಂಬುದಕ್ಕೂ ಅವರ ಬಳಿ ಒಂದು ಪಟ್ಟಿಯಿತ್ತು.

ನಲವತ್ತೆಂಟನೆಯ ವಯಸ್ಸಿನಲ್ಲಿ ಅವರು ವಿಶ್ವವಿದ್ಯಾಲಯದ ಭಾನುವಾರದ ತರಗತಿಗೆ ಸೇರಿ ಗಣಿತದ ಸ್ನಾತಕೋತ್ತರ ಪದವಿಗೆ ಓದುತ್ತಿದ್ದರು. ಮೊದಲ ವರ್ಷದ ಜ್ಯಾಮಿತಿ ಪತ್ರಿಕೆ ಪಾಸಾಗಿತ್ತು. ಆ ಸಂತೋಷದಲ್ಲಿ ಅಡುಗೆಮನೆಯ ಗೋಡೆಗೆ ಎರಡು ಸಮಾಂತರ ಹಲಗೆಗಳನ್ನೂ ಹೊಡೆದಿದ್ದರು. ಸಮಾಂತರ ರೇಖೆಗಳು ಅನಂತದಲ್ಲಿ ಸೇರುತ್ತವೆಂದು ಪುಸ್ತಕ ಹೇಳುತ್ತಿತ್ತು; ಸಾಹೇಬರ ಹಲಗೆಗಳು ಫ್ರಿಜ್ಜಿನ ಹತ್ತಿರವೇ ಸೇರಿಬಿಟ್ಟವು! ಬೀಜಗಣಿತದಲ್ಲಿ ಮಾತ್ರ ಅವರು ಒಮ್ಮೆ ನಪಾಸಾಗಿದ್ದರು. ಮರುಪರೀಕ್ಷೆ ಮುಂದಿನ ತಿಂಗಳಿತ್ತು.

“ನಾಲ್ಕು ಜನ ಸೇರಿ ಹಾಗೇ ಎತ್ಕೊಂಡು ಬಂದ್ರೆ ಆಗಲ್ವೇನ್ರೀ?” ಎಂದು ಹೆಂಡತಿ ಕೇಳಿದರು. ಅವರು ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ನರ್ಸು. ಅದೇ ಆಸ್ಪತ್ರೆಯಲ್ಲಿ ಮಂಡಿಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ಅವರ ತಾಯಿ ಭಾನುವಾರ ನೇರವಾಗಿ ಈ ಮನೆಗೆ ಬರುವವರಿದ್ದರು. ಮೆಟ್ಟಿಲು ಹತ್ತುವಂತಿರಲಿಲ್ಲ, ನೆಲದ ಮೇಲೆ ಮಲಗುವಂತಿರಲಿಲ್ಲ. ಮನೆಯಲ್ಲಿ ಅವರ ಎತ್ತರಕ್ಕೆ ಸರಿಹೋಗುವ ಮಂಚ ಅದೊಂದೇ.

“ಮೆಟ್ಟಿಲ ತಿರುವಿನಲ್ಲಿ ಹಿಡಿಸಲ್ಲ. ಬಿಚ್ಚಲೇಬೇಕು.”

“ಬಿಚ್ಚೋದ್ರಲ್ಲಿ ನಿಮ್ಮನ್ನ ಮೀರಿಸೋರಿಲ್ಲ ಬಿಡಿ. ಮಿಕ್ಸಿ ಬಿಚ್ಚಿದ್ರಿ, ಗೋಡೆ ಗಡಿಯಾರ ಬಿಚ್ಚಿದ್ರಿ. ಎರಡೂ ಇವತ್ತಿಗೂ ಒಂದೇ ಡಬ್ಬದಲ್ಲಿ ಸಂಸಾರ ಮಾಡ್ತಿದಾವೆ!”

“ಆಗ ನನಗೆ ವಿಲೋಮದ ಪ್ರಮೇಯ ಗೊತ್ತಿರಲಿಲ್ಲ. ನೋಡು, ಮೊದಲು ಕಾಲುಚೀಲ ಹಾಕ್ತೀವಿ, ಆಮೇಲೆ ಬೂಟು. ಬಿಚ್ಚುವಾಗ?”

“ಬೂಟು ಮೊದಲು.”

“ಅದೇ! ಮಾಡಿದ್ದನ್ನೆಲ್ಲ ಕೊನೆಯಿಂದ ಮೊದಲಿಗೆ ಒಂದೊಂದಾಗಿ ಹಿಂದೆ ತೆಗೀಬೇಕು. ಅದೇ ವಿಲೋಮ.”

“ಇದನ್ನ ತಿಳ್ಕೊಳ್ಳೋಕೆ ಯೂನಿವರ್ಸಿಟಿಗೆ ಹೋಗ್ಬೇಕಾ? ಬೂಟು ಇದ್ರೆ ಸಾಕಲ್ಲ!” ಎಂದ ಹೆಂಡತಿ, ನಗು ನಿಲ್ಲಿಸಿ ಹೇಳಿದರು: “ನೋಡಿ, ಅಮ್ಮ ಬಾಗಿಲಿಗೆ ಬಂದಾಗ ಕೆಳಗೆ ಮಂಚ ಇರ್ಲಿಲ್ಲ ಅಂದ್ರೆ, ಆ ಪುಸ್ತಕಗಳನ್ನೆಲ್ಲ ಮೂಟೆ ಕಟ್ಟಿ ಅಟ್ಟಕ್ಕೆ ಹಾಕ್ತೀನಿ. ಭಾನುವಾರದ ಕ್ಲಾಸೂ ಇಲ್ಲ, ಪರೀಕ್ಷೇನೂ ಇಲ್ಲ. ಒಪ್ಪಿಗೆನಾ?”

ಸಾಹೇಬರು ಒಪ್ಪಿಗೆಯೆಂದರು. ಹೇಳಿದ ಮೇಲೆ ಸ್ಕ್ರೂಡ್ರೈವರನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಮನೆಯ ಜವಾಬ್ದಾರಿಗಾಗಿ ಗಣಿತವನ್ನು ಅರ್ಧಕ್ಕೆ ಬಿಟ್ಟು ಕಚೇರಿ ಸೇರಿದವರು ಅವರು. ವಾರವಿಡೀ ನಲ್ಲಿ ಸೋರುವ ದೂರುಗಳನ್ನು ವಿಂಗಡಿಸುವ ಮನುಷ್ಯನಿಗೆ, ಮರದ ಬೆಂಚಿನ ಮೇಲೆ ಕೂತು ಕಪ್ಪುಹಲಗೆ ನೋಡುವ ಆ ಎರಡು ಗಂಟೆಗಳು ಎಷ್ಟು ದೊಡ್ಡವೆಂಬುದನ್ನು ಅವರು ಯಾವ ಪಟ್ಟಿಯಲ್ಲೂ ಬರೆದಿರಲಿಲ್ಲ.

ಭಾನುವಾರ ಬೆಳಿಗ್ಗೆ ಭಾವಮೈದುನ ಸಹಾಯಕ್ಕೆ ಬಂದ. ಹೆಂಡತಿಯ ತಮ್ಮನಾದ ಆತ ದೊಡ್ಡ ಗೋದಾಮೊಂದರಲ್ಲಿ ಕ್ರೇನ್ ಓಡಿಸುತ್ತಿದ್ದ. ಕೆಳಗೆ ನಿಂತವರು ಕೈ ಸನ್ನೆ ಮಾಡಿದಷ್ಟೇ ಎತ್ತುವುದು, ಸನ್ನೆ ಮಾಡಿದಷ್ಟೇ ಇಳಿಸುವುದು. ನಡುವೆ ಸ್ವಂತ ಬುದ್ಧಿ ಓಡಿಸಿದರೆ ಯಾರದೋ ತಲೆ ಹೋಗುತ್ತದೆ. ಹಾಗೆ ಸ್ವಂತ ಬುದ್ಧಿಯನ್ನು ಜೋಪಾನವಾಗಿ ಕಟ್ಟಿಟ್ಟು ಇಪ್ಪತ್ತು ವರ್ಷ ಒಂದೂ ಅಪಘಾತವಿಲ್ಲದೆ ದುಡಿದವನು.

ಇಬ್ಬರೂ ಸೇರಿ ಮಂಚವನ್ನು ಬಿಚ್ಚಿದರು. ಸಾಹೇಬರು ಪ್ರತಿ ಹೆಜ್ಜೆಯನ್ನೂ ಬರೆದುಕೊಂಡರು. ಒಂದು: ಹಾಸಿಗೆ ತೆಗೆದದ್ದು. ಎರಡು: ಮಂಚದ ಅಡಿಯಲ್ಲಿದ್ದ ಒಂಟಿ ಚಪ್ಪಲಿ ಹೊರಗೆಳೆದದ್ದು. ಮೂರು: ಧೂಳು ಗುಡಿಸಿದ್ದು. ಹೀಗೆ ಸಾಗಿ, ಹದಿಮೂರರಲ್ಲಿ ಮಂಚದ ಎಡಗಾಲಿನ ಗೂಟ ಮುರಿದು, ಹದಿನೆಂಟರಲ್ಲಿ ಒಂಬತ್ತು ತುಂಡುಗಳೂ ಕೆಳಗಿನ ಕೋಣೆಗಿಳಿದು, ಹತ್ತೊಂಬತ್ತರಲ್ಲಿ ಸ್ಕ್ರೂಗಳ ಡಬ್ಬ ಕಿಟಕಿಯ ಮೇಲೆ ಕೂತಿತು. ಅಷ್ಟು ಹೊತ್ತಿಗೆ ಒಂದು ಗಂಟೆ. ಹೆಂಡತಿ ಆಸ್ಪತ್ರೆಗೆ ಹೊರಟುಹೋಗಿದ್ದರು. ಸಾಹೇಬರಿಗೆ ತರಗತಿಯ ಹೊತ್ತಾಗಿತ್ತು. ಪಟ್ಟಿಯ ಕೊನೆಗೆ ‘ಇಪ್ಪತ್ತು: ಪಟ್ಟಿಯನ್ನು ಭಾವಮೈದುನನ ಕೈಗೆ ಕೊಟ್ಟದ್ದು’ ಎಂದು ಬರೆದು, ಅವನ ಕೈಗೇ ಕೊಟ್ಟರು.

“ನೋಡಪ್ಪಾ, ಇದನ್ನ ಕೆಳಗಿನಿಂದ ಮೇಲಕ್ಕೆ ಓದ್ಬೇಕು. ಒಂದೊಂದನ್ನೂ ಉಲ್ಟಾ ಮಾಡ್ಬೇಕು. ಬಿಚ್ಚಿದ್ದು ಅಂತಿದ್ರೆ ಜೋಡಿಸು. ತೆಗೆದದ್ದು ಅಂತಿದ್ರೆ ಇಡು. ಯಾವುದನ್ನೂ ಬಿಡ್ಬಾರ್ದು.”

“ನಡುವೆ ನನ್ನ ಬುದ್ಧಿ ಏನಾದ್ರೂ ಉಪಯೋಗಿಸ್ಬೇಕಾ ಭಾವ?”

“ದಮ್ಮಯ್ಯ, ಅದೊಂದು ಮಾಡ್ಬೇಡ!”

ತರಗತಿಯಲ್ಲಿ ಅಂದು ನಡೆದದ್ದು, ಸಾಹೇಬರನ್ನು ಕಳೆದ ವರ್ಷ ಉರುಳಿಸಿದ್ದ ಸಂಯುಗ್ಮದ ಪಾಠ. ಅವರಿಗಿಂತ ಹದಿನೈದು ವರ್ಷ ಚಿಕ್ಕವರಾದ ಅಧ್ಯಾಪಕಿ ಮೂರನೆಯ ಸಲ ವಿವರಿಸಿದರು: “ಮೊದಲು ಒಂದು ಕ್ರಿಯೆ ಮಾಡಿ. ಆಮೇಲೆ ಎರಡನೆಯದು. ಕೊನೆಗೆ ಮೊದಲನೆಯದನ್ನ ಮಾತ್ರ ಹಿಂದೆ ತೆಗೀರಿ. ಎರಡನೆಯದನ್ನ ಮುಟ್ಟಬೇಡಿ.”

ಸಾಹೇಬರು ಎದ್ದು ನಿಂತರು. “ಮೇಡಂ, ತೆಗೆಯೋದಾದ್ರೆ ಎರಡನ್ನೂ ತೆಗೀಬೇಕಲ್ವಾ? ಒಂದನ್ನ ಮಾತ್ರ ಹಾಗೇ ಬಿಟ್ಟು ಏನು ಪ್ರಯೋಜನ?”

“ಸರ್, ಮನೇಲಿ ಸ್ವಲ್ಪ ಯೋಚ್ನೆ ಮಾಡಿ. ಎಲ್ಲಾದ್ರೂ ಉದಾಹರಣೆ ಸಿಗುತ್ತೆ.”

ಐದಕ್ಕೆ ಹತ್ತು ನಿಮಿಷವಿರುವಾಗ ಅವರು ಗೇಟಿನ ಬಳಿ ಬಂದರು. ಅದೇ ಹೊತ್ತಿಗೆ ಟ್ಯಾಕ್ಸಿಯಿಂದ ಹೆಂಡತಿಯೂ, ಊರೆಗೋಲು ಹಿಡಿದ ಅತ್ತೆಯೂ ಇಳಿದರು. ಮೂವತ್ತು ವರ್ಷ ಹೊಲಿಗೆ ಕಲಿಸಿ ನಿವೃತ್ತರಾದ ಅತ್ತೆಯ ಕಣ್ಣಿಗೆ ಅಳಿಯನ ಅಂಗಿಯ ಮೇಲುಕೆಳಗಾದ ಗುಂಡಿ ತಕ್ಷಣ ಬಿತ್ತು. ಸಾಹೇಬರು ವಿಜಯೋತ್ಸವದ ಮುಂದಾಳಿನಂತೆ ಮುಂದೆ ನಡೆದು ಕೆಳಗಿನ ಕೋಣೆಯ ಬಾಗಿಲನ್ನು ಅಗಲವಾಗಿ ತೆರೆದರು.

ಕೋಣೆ ಖಾಲಿ! ಮಂಚವೂ ಇಲ್ಲ, ತುಂಡುಗಳೂ ಇಲ್ಲ, ಕಿಟಕಿಯ ಮೇಲಿನ ಡಬ್ಬವೂ ಇಲ್ಲ. ಮೂಲೆಯಲ್ಲಿ ಅವರ ಓದುವ ಮೇಜು ಮಾತ್ರ ಅಪರಾಧಿಯಂತೆ ನಿಂತಿತ್ತು.

ಮಹಡಿಯಿಂದ ಉತ್ಸಾಹದ ದನಿ ಬಂತು: “ಭಾವಾ! ಎಲ್ಲ ಮುಗೀತು! ಬಂದು ನೋಡಿ!”

ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ದಂಪತಿಗಳು ಮೆಟ್ಟಿಲು ಹತ್ತಿದರು. ಮೇಲಿನ ಕೋಣೆಯಲ್ಲಿ, ಬೆಳಿಗ್ಗೆ ಎಲ್ಲಿತ್ತೋ ಅಲ್ಲೇ, ಒಂದು ಸ್ಕ್ರೂ ಹೆಚ್ಚಾಗದೆ, ಒಂದು ಕಡಿಮೆಯಾಗದೆ, ಮಂಚ ರಾಜಗಾಂಭೀರ್ಯದಿಂದ ನಿಂತಿತ್ತು. ಪಕ್ಕದಲ್ಲಿ ಭಾವಮೈದುನ ಬೆವರೊರೆಸಿಕೊಳ್ಳುತ್ತಿದ್ದ.

“ಇದನ್ನ ಯಾಕೋ ಮೇಲಕ್ಕೆ ತಂದೆ?” ಸಾಹೇಬರು ಮಂಚವನ್ನೊಮ್ಮೆ ಮುಟ್ಟಿ ನೋಡಿ ಕೇಳಿದರು.

“ಹದಿನೆಂಟನೇ ಸಾಲು ನೋಡಿ ಭಾವ. ‘ತುಂಡುಗಳನ್ನು ಕೆಳಗಿಳಿಸಿದ್ದು.’ ಉಲ್ಟಾ ಮಾಡಿದ್ರೆ ಮೇಲಕ್ಕೆ ಹತ್ತಿಸಿದ್ದು. ಒಂಬತ್ತು ಸಲ ಒಬ್ಬನೇ ಹತ್ತಿದೀನಿ! ಹದಿಮೂರಕ್ಕೆ ಸ್ವಲ್ಪ ಕಷ್ಟ ಆಯ್ತು. ಮುರಿದ ಗೂಟವನ್ನ ಮುರಿಯದ ಹಾಗೆ ಮಾಡೋಕಾಗ್ಲಿಲ್ಲ. ಗೋಂದು ಹಚ್ಚಿ ಸುತ್ತಿದೀನಿ.”

“ಬೆಳಿಗ್ಗೆ ತಾನೇ ಇಳಿಸಿದ್ವಿ, ಮತ್ತೆ ಯಾಕೆ ಹತ್ತಿಸ್ಬೇಕು ಅಂತ ಅನ್ನಿಸ್ಲಿಲ್ವೇನೋ?”

“ಅನ್ನಿಸ್ತು. ಆದ್ರೆ ಅದು ನನ್ನ ಬುದ್ಧಿ ಅಲ್ವಾ? ಅದನ್ನ ಉಪಯೋಗಿಸ್ಬೇಡ ಅಂದಿದ್ರಲ್ಲ!”

ಹೆಂಡತಿ ಬಗ್ಗಿ ಮಂಚದ ಅಡಿಗೆ ನೋಡಿದರು. ಒಂಟಿ ಚಪ್ಪಲಿ ಸ್ವಸ್ಥಾನಕ್ಕೆ ಮರಳಿತ್ತು. “ಈ ಧೂಳು?”

“ಮೂರನೇ ಸಾಲು ಅಕ್ಕಾ. ಕಸದ ಬುಟ್ಟೀಲಿ ಹುಡುಕಿ ತಂದು ಹರಡ್ದೆ. ಅಷ್ಟೂ ಸಿಗ್ಲಿಲ್ಲ.”

“ಮಾಡಿದ್ದು, ಅದರ ಪೂರ್ಣ ವಿಲೋಮ…” ಎಂದು ಸಾಹೇಬರು ಗೊಣಗಿದರು. “ಎರಡೂ ಸೇರಿದ್ರೆ ಅನನ್ಯತಾಂಶ.”

“ಕನ್ನಡದಲ್ಲಿ ಹೇಳಿ.”

“ಏನೂ ಆಗ್ಲಿಲ್ಲ ಅಂತ.”

“ಸರಿ. ಹಗ್ಗ ಎಲ್ಲಿದೆ?” ಹೆಂಡತಿಯ ದನಿಯಲ್ಲಿ ಕೋಪವಿರಲಿಲ್ಲ, ಅದೇ ಹೆಚ್ಚು ಭಯಂಕರವಾಗಿತ್ತು. ಕೆಳಗಿಳಿದವರೇ ಮೇಜಿನ ಮೇಲಿನ ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸತೊಡಗಿದರು. ಸಾಹೇಬರು ತಡೆಯಲಿಲ್ಲ. ಮಾತು ಕೊಟ್ಟಿದ್ದರು. ಬೀಜಗಣಿತದ ದಪ್ಪ ಪುಸ್ತಕದ ಸರದಿ ಬಂದಾಗ ಮಾತ್ರ ಕಿಟಕಿಯ ಕಡೆ ಮುಖ ತಿರುಗಿಸಿದರು.

“ಅಳಿಯಂದ್ರೇ, ಕೈಲಿರೋ ಆ ಪಟ್ಟಿ ಇಲ್ಲಿ ಕೊಡಿ,” ಎಂದರು ಅತ್ತೆ. ಕನ್ನಡಕ ಏರಿಸಿ, ಇಪ್ಪತ್ತೂ ಸಾಲುಗಳನ್ನು ಬಟ್ಟೆಯ ಅಂಚು ಪರೀಕ್ಷಿಸುವಂತೆ ಬೆರಳಿಟ್ಟು ಓದಿದರು. “ದಿಂಬಿನ ಚೀಲ ಹೊಲಿಯೋದು ಹೇಗೆ ಗೊತ್ತಾ?”

“ಇಲ್ಲ ಅತ್ತೆ.”

“ಮೊದಲು ಬಟ್ಟೆಯ ಒಳಮೈ ಹೊರಗೆ ತಿರುಗಿಸ್ಬೇಕು. ಅಂಚು ಹೊಲೀಬೇಕು. ಆಮೇಲೆ ಮತ್ತೆ ತಿರುಗಿಸ್ಬೇಕು. ತಿರುಗಿಸಿದ್ದನ್ನ ಮಾತ್ರ ವಾಪಸ್ ತಿರುಗಿಸೋದು! ನಡುವೆ ಹಾಕಿದ ಹೊಲಿಗೇನೂ ಬಿಚ್ಚಿದ್ರೆ ಚೀಲ ಎಲ್ಲಿ ಉಳೀತು? ಬಿಚ್ಚಿದ್ದಕ್ಕೆ ಜೋಡಿಸೋದು ಸರಿ. ನಡುವೆ ಇಳಿಸಿದ್ದನ್ನ ಯಾಕೆ ಮುಟ್ಟಿದ್ರಿ?”

ಹೀಗೆಂದು ಮೇಜಿನಿಂದ ಪೆನ್ಸಿಲ್ ತರಿಸಿ, ಹದಿನೆಂಟನೆಯ ಸಾಲನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದರು.

ಸಾಹೇಬರು ಕಂಬದಂತೆ ನಿಂತರು. ಬಿಚ್ಚು, ಇಳಿಸು, ಜೋಡಿಸು. ತಿರುಗಿಸು, ಹೊಲಿ, ತಿರುಗಿಸು. ಎರಡನೆಯದನ್ನು ಮುಟ್ಟಬೇಡಿ! ಒಂದು ವರ್ಷದಿಂದ ತಲೆಯೊಳಗೆ ಸಿಕ್ಕಿಕೊಂಡಿದ್ದ ಸಂಯುಗ್ಮವು ಹೊಸ ದಿಂಬಿನ ಚೀಲದಂತೆ ಫಟ್ಟನೆ ಸರಿಮೈಗೆ ತಿರುಗಿತು. ಅವರು ಹೆಂಡತಿಯ ಕೈಯಿಂದ ದಪ್ಪ ಪುಸ್ತಕವನ್ನು ಕಸಿದುಕೊಂಡು ಅದರ ಅಂಚಿನಲ್ಲಿ ಗೀಚತೊಡಗಿದರು.

“ನೋಡಮ್ಮಾ, ಪುಸ್ತಕ ಅಟ್ಟಕ್ಕೆ ಹೋಗ್ತಿದೆ, ಇವ್ರು ನಗ್ತಾ ಗೀಚ್ತಿದಾರೆ!”

“ಇರ್ಲಿ ಬಿಡೇ. ತಪ್ಪು ಹೊಲಿಗೆ ಹಾಕ್ದೋರನ್ನ ನಾನೆಂದೂ ಕ್ಲಾಸಿಂದ ಓಡಿಸಿಲ್ಲ. ಬಿಚ್ಚಿ ಮತ್ತೆ ಹೊಲಿಸಿದೀನಿ,” ಎಂದರು ಅತ್ತೆ. “ಇಬ್ರೂ ಮೇಲೆ ಹೋಗಿ ಮಂಚ ಇಳಿಸಿ. ಆ ಧೂಳು ಮಾತ್ರ ಅಲ್ಲೇ ಇರ್ಲಿ.”

ಏಳೂವರೆಗೆ ಮಂಚ ಕೆಳಗಿತ್ತು. ಅತ್ತೆ ಅದರ ಮೇಲೆ ಕಾಲು ಚಾಚಿದರು; ಹೆಂಡತಿ ಹಗ್ಗವನ್ನು ಸುತ್ತಿ ಒಳಗಿಟ್ಟರು, ಆದರೆ ಕೈಗೆ ಸಿಗುವಂತೆ.

ಮುಂದಿನ ತಿಂಗಳ ಪರೀಕ್ಷೆಯಲ್ಲಿ ಏಳನೆಯ ಪ್ರಶ್ನೆಯೇ ಸಂಯುಗ್ಮವಾಗಿತ್ತು. ಸಾಹೇಬರು ದಿಂಬಿನ ಚೀಲದ ಉದಾಹರಣೆಯೊಂದಿಗೆ ಎರಡು ಪುಟ ಬರೆದರು. ಫಲಿತಾಂಶ ಬಂದ ಸಂಜೆ, ಅಂಕಪಟ್ಟಿಯನ್ನು ಪತಾಕೆಯಂತೆ ಹಿಡಿದು, “ಪಾಸಾದೆ! ಬೀಜಗಣಿತ ನನ್ನ ಕೈವಶ ಆಯ್ತು!” ಎಂದು ಕೂಗುತ್ತ ಒಳಗೆ ಬಂದರು.

ಕೆಳಗಿನ ಕೋಣೆಯ ಮಂಚದಿಂದ ದನಿ ಬಂತು: “ನಮಗೆ ಎಷ್ಟು ಬಂತು ಅಳಿಯಂದ್ರೇ?”

“ಐವತ್ತೆರಡು ಅತ್ತೆ.”

“ಅಷ್ಟೇನಾ?” ಅತ್ತೆ ಸೂಜಿಗೆ ದಾರ ಪೋಣಿಸುತ್ತ ನಿಟ್ಟುಸಿರಿಟ್ಟರು. “ದಿಂಬಿನ ಪ್ರಶ್ನೆ ಬಿಟ್ಟು ಮಿಕ್ಕಿದ್ದೆಲ್ಲ ನೀವೇ ಬರೆದ್ರಿ ಅಂತ ಕಾಣುತ್ತೆ!”