ಅಂಗೈಯ ಮೇಲೊಂದು ತೊಟ್ಟು ಸಾರು

ಪ್ರತಿ ಮನೆಯಲ್ಲೂ ಗಂಡಸರಿಗೆಂದು ಒಂದು ಖಾತೆ ಇರುತ್ತದೆ. ಕೆಲವರಿಗೆ ಗ್ಯಾಸ್ ಸಿಲಿಂಡರ್ ಬದಲಾಯಿಸುವ ಖಾತೆ, ಕೆಲವರಿಗೆ ಅಟ್ಟದ ಮೇಲಿನ ದೊಡ್ಡ ಪಾತ್ರೆ ಇಳಿಸುವ ಖಾತೆ. ನಮ್ಮ ಉಡುಪಿಯ ಮನೆಯಲ್ಲಿ ಸಿಲಿಂಡರನ್ನು ನನ್ನ ಹೆಂಡತಿ ಸುಮತಿಯೇ ಬದಲಾಯಿಸುತ್ತಾಳೆ; ನಾನು ಮುಟ್ಟಿದರೆ ವಾಸನೆ ಬರುತ್ತದಂತೆ. ಅಟ್ಟದ ಪಾತ್ರೆಗೆ ಮಗಳು ಅನ್ವಿತಾ ಇದ್ದಾಳೆ, ನನಗಿಂತ ಎತ್ತರ. ಮಣಿಪಾಲದ ಆಫೀಸಿನಲ್ಲಂತೂ ನನ್ನ ಮಾತಿಗೆ ಎಷ್ಟು ಬೆಲೆ ಎಂಬುದನ್ನು ಇಲ್ಲಿ ಹೇಳದಿರುವುದೇ ಒಳ್ಳೆಯದು. ಹೀಗಾಗಿ ಇಡೀ ಜಗತ್ತಿನಲ್ಲಿ ನನ್ನ ಮಾತು ಅಂತಿಮ ಎನ್ನಿಸಿಕೊಳ್ಳುವ ಜಾಗ ಒಂದೇ ಉಳಿದಿತ್ತು. ಅದು ರಾತ್ರಿಯ ಸಾರಿನ ಉಪ್ಪು.

ಇದು ನಾನಾಗಿ ಹಿಡಿದುಕೊಂಡ ಅಧಿಕಾರವಲ್ಲ, ಮನೆತನದಿಂದ ಬಂದದ್ದು. ಕಾಪುವಿನ ನಮ್ಮ ಹಿರಿಯರ ಮನೆಯಲ್ಲಿ ಅಡುಗೆ ಮಾಡಿದವರು ಉಪ್ಪು ನೋಡುವ ಹಾಗಿಲ್ಲ. ಮೆಣಸು ಹುರಿದ ಘಾಟು, ಮಸಾಲೆಯ ಆವಿ ಕುಡಿದು ಕುಡಿದು ಅವರ ನಾಲಗೆ ಕೆಟ್ಟಿರುತ್ತದೆ, ಅದು ಸತ್ಯ ಹೇಳುವುದಿಲ್ಲ ಎಂದು ಅಜ್ಜಿಯ ವಾದ. ಆದ್ದರಿಂದ ಸಾರು ಕುದಿದ ಮೇಲೆ ಸೌಟಿನಿಂದ ಒಂದು ತೊಟ್ಟನ್ನು ಹೊರಗೆ ಕುಳಿತ ಗಂಡಸರ ಅಂಗೈಗೆ ಬಿಡಬೇಕು. ಅವರು ನೆಕ್ಕಿ ತೀರ್ಪು ಕೊಡಬೇಕು. ನಮ್ಮ ಅಪ್ಪ ಈ ಕೆಲಸವನ್ನು ಎಷ್ಟು ಗಂಭೀರವಾಗಿ ಮಾಡುತ್ತಿದ್ದರೆಂದರೆ, ನೆಕ್ಕುವಾಗ ಕಣ್ಣು ಮುಚ್ಚುತ್ತಿದ್ದರು. ಮಕ್ಕಳು ಉಸಿರಾಡುವ ಹಾಗಿರಲಿಲ್ಲ. ಕೊನೆಗೆ, "ಒಂದು ಚಿಟಿಕೆ ಬೇಕು" ಎನ್ನುತ್ತಿದ್ದರು. ಯಾವಾಗಲೂ ಅದೇ ಮಾತು. ಅವರ ಕಾಲದ ನಂತರ ಕುರ್ಚಿ ನನಗೆ ಬಂತು. ಕಾರ್ಕಳದಿಂದ ಮದುವೆಯಾಗಿ ಬಂದ ಸುಮತಿ ಮೊದಲ ದಿನ ಸೌಟು ಹಿಡಿದು ನನ್ನೆದುರು ನಿಂತಾಗ ನಾನೂ ಕಣ್ಣು ಮುಚ್ಚಿದೆ, ನಾನೂ ಅದನ್ನೇ ಹೇಳಿದೆ.

ನಿಮ್ಮಲ್ಲಿ ಗುಟ್ಟಾಗಿ ಹೇಳುತ್ತೇನೆ, ಉಪ್ಪು ಸರಿ ಇದೆಯೋ ಇಲ್ಲವೋ ನನಗೆ ಗೊತ್ತಾಗುತ್ತಿರಲಿಲ್ಲ. ಕುದಿಯುವ ಸಾರು ಅಂಗೈ ಸುಡುತ್ತದೆ, ನಾಲಗೆ ಸುಡುತ್ತದೆ, ಇದರ ನಡುವೆ ರುಚಿಗೆಲ್ಲಿ ಪುರುಸೊತ್ತು? ಆದರೆ "ಸರಿ ಉಂಟು" ಎನ್ನಲು ಮನಸ್ಸು ಒಪ್ಪುತ್ತಿರಲಿಲ್ಲ. ಎಲ್ಲವೂ ಸರಿಯಿದೆ ಎನ್ನುವುದಕ್ಕೆ ಅಧಿಕಾರಿ ಯಾಕೆ ಬೇಕು? ಆದ್ದರಿಂದ ಒಂದು ಚಿಟಿಕೆ ಬೇಕು ಎನ್ನುತ್ತಿದ್ದೆ. ಸುಮತಿ "ಆಯ್ತು" ಎಂದು ಒಳಗೆ ಹೋಗುತ್ತಿದ್ದಳು, ಡಬ್ಬಿಯ ಸದ್ದು ಕೇಳಿಸುತ್ತಿತ್ತು, ಊಟ ಅಮೃತವಾಗಿರುತ್ತಿತ್ತು. ಇಷ್ಟಾದ ಮೇಲೆ ನನ್ನ ನಾಲಗೆಯ ಮೇಲೆ ನನಗೇ ನಂಬಿಕೆ ಬಂದದ್ದರಲ್ಲಿ ತಪ್ಪೇನಿದೆ ಹೇಳಿ. ಮದುವೆ ಮನೆಗಳಲ್ಲಿ ಸಾಂಬಾರಿನ ಬಗ್ಗೆ ಅಭಿಪ್ರಾಯ ಕೊಡುವಷ್ಟು ಧೈರ್ಯ ಬಂದಿತ್ತು.

ಮೊನ್ನೆ ಸುಮತಿ ತವರಿನಲ್ಲಿ ಏನೋ ಪೂಜೆಯೆಂದು ಕಾರ್ಕಳಕ್ಕೆ ಹೋದಳು. ಅದೇ ಸಂಜೆ ಹೆಜಮಾಡಿಯಿಂದ ನನ್ನ ಸೋದರಮಾವ ಬಂದರು. ಬೋಟಿನಲ್ಲೇ ಜೀವನ ಕಳೆದವರು, ಬರಿಗೈಯಲ್ಲಿ ಬರುವವರಲ್ಲ. ಚೀಲದ ತುಂಬ ಹೊಳೆಯುವ ಬಂಗುಡೆ ತಂದಿದ್ದರು. ಗಂಟುನೋವೆಂದು ಎಷ್ಟೋ ಕಾಲದಿಂದ ಟಿವಿ ಮುಂದೆ ಕುಳಿತಿದ್ದ ನಮ್ಮ ಅಮ್ಮನಿಗೆ ಆ ಮೀನು ನೋಡಿದ್ದೇ ಗಂಟುಗಳಿಗೆ ಜೀವ ಬಂತು. "ತಮ್ಮ ಬಂದಿದ್ದಾನೆ, ಪುಳಿಮುಂಚಿ ನಾನೇ ಮಾಡುತ್ತೇನೆ" ಎಂದು ಸೆರಗು ಸಿಕ್ಕಿಸಿಕೊಂಡು, ಮಣ್ಣಿನ ಪಾತ್ರೆ ತೆಗೆಸಿ ಒಲೆಯ ಮೇಲಿಟ್ಟರು. ಹುಳಿಯೂ ಖಾರವೂ ಕೂಡಿದ ಆ ಪರಿಮಳಕ್ಕೆ ಪಕ್ಕದ ಮನೆಯವರೂ ಕಿಟಕಿ ತೆರೆದರು.

ಸ್ವಲ್ಪ ಹೊತ್ತಿಗೆ ಅಮ್ಮ ಸೌಟು ಹಿಡಿದು ಬಂದು ನನ್ನ ಅಂಗೈಗೆ ಒಂದು ತೊಟ್ಟು ಬಿಟ್ಟರು. ಮಾವ ನೋಡುತ್ತಿದ್ದರು. ನಾನು ಕಣ್ಣು ಮುಚ್ಚಿ ನೆಕ್ಕಿ, "ಒಂದು ಚಿಟಿಕೆ ಬೇಕು" ಎಂದೆ. ಅಮ್ಮ ಒಳಗೆ ಹೋದರು. ಅಲ್ಲಿಗೆ ಮುಗಿಯಿತೆಂದು ನಾನು ಭಾವಿಸಿದ್ದೆ. ಆದರೆ ಅಮ್ಮ ಹಳೆಯ ಕ್ರಮದವರು, ಮತ್ತೆ ಬಂದರು. "ಈಗ ನೋಡು ಮಗಾ." ಇನ್ನೊಂದು ತೊಟ್ಟು. ಎರಡನೆಯ ಸಲ ಏನು ಹೇಳಬೇಕೆಂದು ಅಪ್ಪ ನನಗೆ ಕಲಿಸಿರಲಿಲ್ಲ. ಗಾಬರಿಯಲ್ಲಿ, "ಇನ್ನೂ ಸ್ವಲ್ಪ" ಎಂದುಬಿಟ್ಟೆ. ಅಮ್ಮನ ಸ್ವಲ್ಪವೆಂದರೆ ಮೂರು ಬೆರಳು ತುಂಬ ಕಲ್ಲುಪ್ಪು.

ಊಟಕ್ಕೆ ಕುಳಿತೆವು. ಮಾವ ಕುಚ್ಚಲಕ್ಕಿ ಅನ್ನಕ್ಕೆ ಸಾರು ಕಲಸಿ ಒಂದು ತುತ್ತು ಬಾಯಿಗಿಟ್ಟರು. ಅಗಿಯುವುದನ್ನು ನಿಲ್ಲಿಸಿದರು. ಒಂದು ಲೋಟ ನೀರು ಪೂರ್ತಿ ಕುಡಿದು, "ನಾನು ಮೀನು ಮಾತ್ರ ತಂದದ್ದಲ್ವಾ ಮಾರಾಯ? ಈ ಸಮುದ್ರದ ನೀರು ಯಾರು ತಂದದ್ದು?" ಎಂದರು.

ಅನ್ವಿತಾಳಿಗೆ ನಗು ತಡೆಯಲಾಗಲಿಲ್ಲ. "ಅಜ್ಜಿ, ಪಪ್ಪ ಹೇಳಿದರೆಂದು ನೀವು ನಿಜವಾಗಿ ಉಪ್ಪು ಹಾಕಿದ್ದಾ? ಅಮ್ಮ ಹಾಗೆಲ್ಲ ಹಾಕುವುದಿಲ್ಲ. ಉಪ್ಪು ನೋಡಿ, ಸರಿ ಮಾಡಿ, ಆಮೇಲೇ ಪಪ್ಪನ ಹತ್ತಿರ ತರುವುದು. ಪಪ್ಪ ಬೇಕು ಅಂದರೆ ಡಬ್ಬಿ ತೆರೆದು, ಖಾಲಿ ಚಮಚ ತಿರುಗಿಸಿ, ಮುಚ್ಚುವುದು."

ನನ್ನ ತುತ್ತು ಅರ್ಧದಲ್ಲೇ ನಿಂತಿತು. ಆದರೆ ನನ್ನನ್ನು ನಿಜವಾಗಿ ನೆಲಕ್ಕಿಳಿಸಿದವರು ಅಮ್ಮ. ಅವರು ಹಣೆಗೆ ಕೈಯಿಟ್ಟು, "ಅಯ್ಯೋ, ನಿನಗಾದರೂ ನಾಲಗೆ ಉಂಟು ಅಂತ ಎಣಿಸಿದ್ದೆನಲ್ಲ ಮಗಾ! ನಿನ್ನ ಅಪ್ಪನಿಗೆ ಗೊತ್ತಾಗುವುದಿಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ಅವರಿಗೆ ಹೇಳಲಿಕ್ಕೆ ಇರಲಿ ಅಂತ ದಿನಾ ಒಂದು ಚಿಟಿಕೆ ಕಡಿಮೆಯೇ ಹಾಕಿ ತರುತ್ತಿದ್ದೆ" ಎಂದರು.

ನಗಬೇಡಿ. ನನಗೆ ಬಹಳ ಬೇಸರವಾಯಿತು. ಕಣ್ಣು ಮುಚ್ಚಿ ಕುಳಿತ ಅಪ್ಪನ ಮುಖ ನೆನಪಾಗಿ, ನನ್ನ ಮೇಲಿನದಕ್ಕಿಂತ ಹೆಚ್ಚು ಕನಿಕರ ಅವರ ಮೇಲೆ ಹುಟ್ಟಿತು. ಆ ರಾತ್ರಿ ಎಲ್ಲರೂ ಮಜ್ಜಿಗೆ, ಉಪ್ಪಿನಕಾಯಿಯಲ್ಲಿ ಊಟ ಮುಗಿಸಿದೆವು. ಮಾವ ಉಪ್ಪಿನಕಾಯಿಯನ್ನೂ ಬೇಡ ಎಂದರು.

ಮರುದಿನ ಮಾವ ಹೊರಟರು, ಸುಮತಿ ಬಂದಳು. ಹಿಂದಿನ ರಾತ್ರಿಯ ಸುದ್ದಿಯನ್ನು ನನ್ನೆದುರು ಯಾರೂ ಎತ್ತಲಿಲ್ಲ. ರಾತ್ರಿ ಎಂದಿನಂತೆ ಸೌಟು ಹಿಡಿದು ಬಂದಳು. ನಾನು ಆಗಲೇ ತೀರ್ಮಾನಿಸಿಯಾಗಿತ್ತು; ಇನ್ನು ಈ ನಾಟಕ ಸಾಕು. ಕಣ್ಣು ಬಿಟ್ಟುಕೊಂಡೇ ನೆಕ್ಕಿ, "ಸರಿ ಉಂಟು" ಎಂದೆ.

"ಸರಿಯಾಗಿ ನೋಡಿ" ಎಂದಳು ಸುಮತಿ.

"ನೋಡಿದೆ ಮಾರಾಯ್ತಿ. ಒಂದು ಕಲ್ಲೂ ಬೇಡ."

ಅವಳು ಅಮ್ಮನ ಮುಖ ನೋಡಿದಳು. ಅಮ್ಮ ಟಿವಿಯ ಕಡೆ ತಿರುಗಿದರು. ಊಟಕ್ಕೆ ಕುಳಿತರೆ ಸಾರು ಚಪ್ಪೆಯೆಂದರೆ ಚಪ್ಪೆ. ನನಗೇ ಗೊತ್ತಾಗುವಷ್ಟು ಚಪ್ಪೆ! ಅನ್ವಿತಾ ಉಪ್ಪಿನ ಕಡೆ ಕೈ ಚಾಚಿದಳು. ಅಮ್ಮ ಆ ಕೈಯನ್ನು ಹಿಡಿದು, "ಬೇಡ, ಅವನಿಗೆ ಬೇಸರ ಆಗ್ತದೆ" ಎಂದು ಪಿಸುಗುಟ್ಟಿದರು. ಆಮೇಲೆ ಸುಮತಿಗೆ, "ನಾನು ಫೋನಿನಲ್ಲಿ ಒಂದು ಚಿಟಿಕೆ ಬಿಟ್ಟಿಡು ಅಂದದ್ದೇ ತಪ್ಪಾಯಿತು. ಇವನಿಗೆ ಇವತ್ತೇ ಬುದ್ಧಿ ಬರಬೇಕಿತ್ತಾ?" ಎಂದರು.

ನಮ್ಮ ಮನೆಯ ಅಡುಗೆ ನಿಜವಾಗಿ ನನ್ನ ಮಾತಿನಂತೆ ನಡೆದದ್ದು ಈ ಎರಡೇ ರಾತ್ರಿ. ಎರಡು ರಾತ್ರಿಯೂ ಊಟ ಸೇರಲಿಲ್ಲ. ಆದರೂ ಚಪ್ಪೆ ಸಾರನ್ನು ಮೂವರೂ ತುಟಿ ಬಿಚ್ಚದೆ ಉಣ್ಣುತ್ತಿದ್ದುದನ್ನು ನೋಡಿ, ನಾನು ಬಟ್ಟಲು ಮುಂದೆ ಚಾಚಿ ಇನ್ನೊಂದು ಸೌಟು ಹಾಕಿಸಿಕೊಂಡೆ.